ಹಟ್ಟಿಗೆ ಹೇಳಿದವರು ಯಾರು?

೩೧ ಅಕ್ಟೋಬರ್ ೧೯೫೩, ಮಸ್ಕಿ

ಈ ಡೈರಿಯಲ್ಲಿ ಇಷ್ಟು ದಿನ ಧೋತರ, ಸೀರೆ, ಮಾದರಪಾಟು ಬಟ್ಟೆಯ ಥಾನುಗಳ ವ್ಯಾಪಾರದ ವಿಷಯ ಬಿಟ್ಟು ಬೇರೇನೂ ಬರೆದಿಲ್ಲ. ಇಂದು ಫುಟ್‌ಬಾಲಿನ ವಿಷಯ ಬರೆಯದಿದ್ದರೆ ಉಂಡದ್ದು ಅರಗುವುದಿಲ್ಲ.

ಸಂಜೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಸಭೆಯೇ ಕೂಡಿತ್ತು. ಕಟ್ಟೆ ನನ್ನದು, ಅದರ ಮೇಲಿನ ಹೊಲಿಗೆ ಮಷಿನ್ನು ಇಸ್ಮಾಯಿಲ್‌ಸಾಬನದು. ನಾನು ಅರಿವೆ ಹರಿದು ಕೊಡುತ್ತೇನೆ, ಅವನು ಅಲ್ಲೇ ಕುಳಿತು ಹೊಲಿದು ಕೊಡುತ್ತಾನೆ. ನಮ್ಮಪ್ಪನ ಕಾಲದಿಂದ ಹೀಗೇ ನಡೆದಿದೆ. ಅವನ ಮಗ ಮಲೀಕಸಾಬ ಹೈದರಾಬಾದಿನಲ್ಲಿ ಕಾಲೇಜು ಓದಿ, ಆ ಕಾಲೇಜಿನ ತಂಡದಲ್ಲಿ ಆಡಿ, ಈ ವರ್ಷ ಊರಿಗೆ ಬಂದು ನಮ್ಮ ಹುಡುಗರಿಗೆ ಕ್ಯಾಪ್ಟನ್ ಆಗಿದ್ದಾನೆ. ಅವನು ಬರುವವರೆಗೆ ನಮ್ಮವರ ಆಟವೆಂದರೆ ಚೆಂಡು ಎಲ್ಲಿದೆಯೋ ಅಲ್ಲಿ ಹನ್ನೊಂದೂ ಮಂದಿ. ಕುರಿ ಹಿಂಡು ವಾಸಿ.

ಮುಂದಿನ ಶುಕ್ರವಾರ ಹಟ್ಟಿಯಲ್ಲಿ ಆಟ. ಆಮೇಲೆ ಹಟ್ಟಿಯವರು ಇಲ್ಲಿಗೆ ಬರುತ್ತಾರೆ. ಬರುವ ತಿಂಗಳ ಕೊನೆಗೆ ಲಿಂಗಸುಗೂರಿನಲ್ಲಿ ಶೀಲ್ಡಿನ ಆಟಗಳು. ಮಲೀಕ, ಅಪ್ಪ ಅರಿವೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆ ತೆಗೆದುಕೊಂಡು ಕಟ್ಟೆಯ ಶಹಾಬಾದಿ ಬಂಡೆಯ ಮೇಲೆ ಗೀಟು ಹಾಕಿ ತೋರಿಸಿದ.

“ಕಾಕಾ, ಜಂಬಣ್ಣ ಎಡಗಡೆ ಓಡ್ತಾನ ಅಂತ ಹಟ್ಟಿಯವ್ರಿಗೆ ಗೊತ್ತೈತಿ. ಓಡ್ಲಿ. ಎಲ್ಲಾರೂ ಅವನ ಬೆನ್ನು ಹತ್ತಿದ ಮ್ಯಾಲೆ ಚೆಂಡು ಬಲಕ್ಕ ಕಳಸ್ತೀವಿ. ಅಲ್ಲಿ ಬಯಲು ಖಾಲಿ ಇರ್ತೈತಿ.”

ಬಸವಂತರಾಯಗೌಡರಿಗೆ ಇದು ಹಿಡಿಸಲಿಲ್ಲ. ಚೆಂಡು, ಬೂಟು, ಬಸ್ಸಿನ ವ್ಯವಸ್ಥೆ ಎಲ್ಲ ಅವರದು. “ಇದೇನು ರಂಗೋಲಿ ಹಾಕಾಕತ್ತೀಯೋ ತಮ್ಮಾ? ಚೆಂಡು ಸಿಕ್ತಂದ್ರ ಜೋರಾಗಿ ಒದಿ, ಹಿಂದಿಂದ ಓಡು. ಆಟ ಅಂದ್ರ ಇಷ್ಟ!” ಎಂದರು. ನಾನು ಬಿಡಲಿಲ್ಲ. ದೀಪ ಹಚ್ಚುವವರೆಗೆ ಇಬ್ಬರೂ ವಾದಿಸಿದೆವು. ಕೊನೆಗೆ ಗೌಡರು ನನ್ನನ್ನು ನೋಡಿ, “ಹಂಪಣ್ಣನ ಬಾಯಿಗೆ ಯಾರು ಕೈ ಹಚ್ಚಬೇಕು” ಎಂದು ಎದ್ದು ಹೋದರು. ಗೆದ್ದೆ.

೧ ನವೆಂಬರ್

ಹಟ್ಟಿ ಸಂತೆ. ಬೆಳಗಿನ ಬಸ್ಸಿನ ಮೇಲೆ ಗಂಟು ಏರಿಸಿಕೊಂಡು ಹೋದೆ.

ಸಂತೆಯಲ್ಲಿ ಅರಿವೆ ಮಾರುವವನ ಬಂಡವಾಳ ಅರಿವೆಯಲ್ಲ, ಮಾತು. ಗಿರಾಕಿ ಕುಳಿತಷ್ಟು ಹೊತ್ತು ಮಾತು ಕಡಿಯಬಾರದು. ಮಾತು ಕಡಿಯಿತೋ, ಗಿರಾಕಿ ಎದ್ದ. ಇದು ನಮ್ಮಪ್ಪ ಕಲಿಸಿದ ವಿದ್ಯೆ. ಇಂದು ಕರಿ ಟೋಪಿಯ ಹಿರಿಯರೊಬ್ಬರು ಬಂದು ಕುಳಿತರು. ಗಣಿಯಲ್ಲಿ ಏನೋ ಕೆಲಸವಂತೆ. ಮೆತ್ತಗೆ ಮಾತಾಡುವ ಮನುಷ್ಯ, ಆದರೆ ಹಟ್ಟಿ ತಂಡದ ಹುಚ್ಚು ನೆತ್ತಿಗೇರಿದೆ. ಟವೆಲು ತಿರುಗಿಸಿ ನೋಡುತ್ತ, “ಮಸ್ಕಿಯವ್ರದು ಏನೈತ್ರೀ ಆಟ? ಎಡಗಡೆ ಒಬ್ಬ ಜಂಬಣ್ಣ ಅದಾನ. ಅವನ್ನ ಹಿಡಿದ್ರ ಮುಗೀತು” ಎಂದರು.

ನನಗೆ ರೇಗಿತು. ನಮ್ಮವರನ್ನು ಒಬ್ಬನ ಕಾಲಿಗೆ ಕಟ್ಟಿಬಿಟ್ಟರಲ್ಲ! “ಜಂಬಣ್ಣ ಓಡೂದು ಬರೇ ತೋರಿಕಿರೀ ಹಿರಿಯರ. ಅವನ ಹಿಂದ ಹೋದ್ರ ನೀವು ಕೆಟ್ರಿ. ಚೆಂಡು ಬರೂದು ಬಲಕ್ಕ” ಎಂದು ಟವೆಲಿನ ಮೇಲೇ ಬೆರಳಿಂದ ಗೀಟು ಎಳೆದು ತಿಳಿಸಿಕೊಟ್ಟೆ. ಪಾಪ, ಅವರು ತಲೆದೂಗಿ ಆ ಟವೆಲನ್ನೇ ಕೊಂಡು ಹೋದರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

೬ ನವೆಂಬರ್

ಸೋತೆವು. ಮೂರು ಗೋಲು.

ಬಲಗಡೆ ಅವರ ಇಬ್ಬರು ಗೂಟ ಬಡಿದ ಹಾಗೆ ನಿಂತಿದ್ದರು. ಜಂಬಣ್ಣ ಎಡಕ್ಕೆ ಓಡಿದಾಗ ಒಬ್ಬನೂ ಅವನ ಬೆನ್ನು ಹತ್ತಲಿಲ್ಲ. ಚೆಂಡು ಬಲಕ್ಕೆ ಹೋದಾಗಲೆಲ್ಲ ಅವರ ಕಾಲಿಗೇ ಬಿತ್ತು. ಇದು ಆಟವಲ್ಲ, ಮೊದಲೇ ಗೊತ್ತಿದ್ದ ಸಂಗತಿ. ನಮ್ಮ ಕಟ್ಟೆಯ ಮೇಲೆ ಆಡಿದ ಮಾತು ಹಟ್ಟಿಗೆ ಹೋಗಿದೆ. ಬಸ್ಸಿನಲ್ಲಿ ಬರುವಾಗ ಒಬ್ಬೊಬ್ಬರ ಮುಖ ನೋಡುತ್ತ ಬಂದೆ.

ಗೌಡರೋ? ತಮ್ಮ ಮಾತು ನಡೆಯಲಿಲ್ಲವೆಂಬ ಸಿಟ್ಟು ಅವರಿಗಿದೆ. ಆದರೆ ತಾವೇ ಬೂಟು ಕೊಡಿಸಿ ತಾವೇ ಸೋಲಿಸುವಷ್ಟು ಹುಚ್ಚರಲ್ಲ. ಜಂಬಣ್ಣನೋ? ಅವನ ತಲೆಯಲ್ಲಿ ಇಂಥ ವಿಚಾರ ಹುಟ್ಟಿದರೂ ಹಟ್ಟಿ ಮುಟ್ಟುವುದರೊಳಗೆ ಮರೆತಿರುತ್ತಾನೆ.

ಹಾಗಾದರೆ ಯಾರು?

೮ ನವೆಂಬರ್

ಹಟ್ಟಿ ಸಂತೆಯಲ್ಲಿ ಮಲೀಕನನ್ನು ಕಂಡೆ.

ಮಧ್ಯಾಹ್ನ ಚಹಾಕ್ಕೆಂದು ಎದ್ದಿದ್ದೆ. ದವಾಖಾನೆಯ ಓಣಿಯಿಂದ ಅವನು ಬರುತ್ತಿದ್ದ. ಗಣಿಯ ದೊಡ್ಡ ನೌಕರರ ಮನೆಗಳೂ ಅದೇ ಓಣಿಯಲ್ಲಿವೆ. ಅವರ ತಂಡ ಕಟ್ಟುವ ಮಂದಿ ಅಲ್ಲಿಯೇ ಇರುವುದು. ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಏನೋ ಇತ್ತು. ನನ್ನನ್ನು ನೋಡಿದ್ದೇ ಜೇಬಿಗೆ ಹಾಕಿದ. “ಸಲಾಮ್ ಕಾಕಾ” ಎಂದು ನಿಲ್ಲದೆ ಹೋದ. ನಾನೂ ಕೇಳಲಿಲ್ಲ. ಕಳ್ಳನನ್ನು ಕೇಳಿ ಹಿಡಿಯುವುದುಂಟೆ? ಹೋದ ಸಂತೆಯ ದಿನವೂ ಅವನನ್ನು ಇಲ್ಲಿ ಕಂಡದ್ದಾಗಿ ಚಹಾದಂಗಡಿಯವ ಹೇಳಿದ.

ಕೂಸಿದ್ದಾಗ ನನ್ನ ದುಡ್ಡಿನ ಗಲ್ಲೆಯ ಪಕ್ಕದಲ್ಲಿ ಥಾನು ತಲೆಗಿಟ್ಟು ಮಲಗುತ್ತಿದ್ದ ಹುಡುಗ. ಅವನಾಗಿರಲಾರ. ಆದರೆ ಮತ್ತೆ ಜೇಬಿಗೆ ಯಾಕೆ ಹಾಕಿದ?

೧೦ ನವೆಂಬರ್

ಇಸ್ಮಾಯಿಲ್‌ಸಾಬ ಇತ್ತೀಚೆಗೆ ಮೊದಲಿನ ಹಾಗಿಲ್ಲ. ಗೌಡರ ಅಂಗಿಯ ಕಾಲರು ಸೊಟ್ಟ ಹೊಲಿದಿದ್ದಾನೆ. ಅವನ ಕೈಯಲ್ಲಿ ಸೊಟ್ಟ ಹೊಲಿಗೆ ನಾನು ಎಂದೂ ಕಂಡಿಲ್ಲ. ನಡು ಮಧ್ಯಾಹ್ನ ನನ್ನನ್ನು ಕರೆದು, “ಸಾವ್ಕಾರ್ರ, ಈ ಸೂಜಿಗೆ ಒಂದೀಟು ದಾರ ಪೋಣಿಸಿ ಕೊಡ್ರಿ. ಬೆಳಕು ಕಮ್ಮಿ ಐತಿ” ಎಂದ. ಮಧ್ಯಾಹ್ನದ ಬಿಸಿಲಿನಲ್ಲಿ ಬೆಳಕು ಕಮ್ಮಿಯಂತೆ! ಮನಸ್ಸು ಇಲ್ಲಿಲ್ಲ, ಅಷ್ಟೇ. ಮಗ ಮಾಡುತ್ತಿರುವುದು ಅಪ್ಪನಿಗೆ ಗೊತ್ತಿರಬೇಕು. ಅದಕ್ಕೇ ನನ್ನ ಮುಖ ನೇರವಾಗಿ ನೋಡುವುದಿಲ್ಲ.

ಹೀಗೆ ಬರೆಯಲು ನನಗೇ ನಾಚಿಕೆ. ನಲವತ್ತೆಂಟರ ಗದ್ದಲದಲ್ಲಿ ಮೊದಲು ರಜಾಕಾರರು ಬಂದಾಗ ಅವನು ನನ್ನ ಬಾಗಿಲಿಗೆ ಅಡ್ಡ ನಿಂತ. ಆಮೇಲೆ ಗಾಳಿ ತಿರುಗಿ ಅವನ ಮಂದಿಯ ಮೇಲೆ ಬಿದ್ದಾಗ ನಾನು ಅವನ ಬಾಗಿಲಿಗೆ ನಿಂತೆ. ಆ ಮಾತನ್ನು ನಾವಿಬ್ಬರೂ ಎಂದೂ ಎತ್ತುವುದಿಲ್ಲ. ಆದರೂ ಬೆಂಕಿಯಿಲ್ಲದೆ ಹೊಗೆ ಏಳುವುದಿಲ್ಲ.

೧೪ ನವೆಂಬರ್

ಮಂಗಳವಾರ ಹಟ್ಟಿಯವರು ಇಲ್ಲಿಗೆ ಬರುತ್ತಾರೆ. ಮಲೀಕ ಮತ್ತೆ ಬಂಡೆಯ ಮೇಲೆ ಗೀಟು ಹಾಕಿದ. ಈ ಸಲ ಮೊದಲರ್ಧ ನಮ್ಮವರು ಮುಂದೆ ಹೋಗುವುದೇ ಇಲ್ಲವಂತೆ. ಗೋಲಿನ ಮುಂದೆ ಗೋಡೆ ಕಟ್ಟಿ ನಿಲ್ಲುವುದು, ಹಟ್ಟಿಯವರು ನುಗ್ಗಿ ನುಗ್ಗಿ ದಣಿಯುವುದು, ಎರಡನೆಯ ಅರ್ಧದಲ್ಲಿ ನಮ್ಮವರು ಮೇಲೆ ಬೀಳುವುದು.

“ಇದು ಹೇಡಿಗಳ ಆಟ” ಎಂದರು ಗೌಡರು.

“ಗಂಡಸ್ತನ ತೋರ್ಸಾಕ ಗರಡಿಮನಿ ಐತ್ರೀ ಗೌಡ್ರ. ಇಲ್ಲಿ ಗೋಲು ಹೊಡಿಬೇಕು” ಎಂದೆ. ಎಲ್ಲರೂ ನಕ್ಕರು. ವಿಚಾರವೇನೋ ನನಗೆ ಬಹಳ ಹಿಡಿಸಿತು. ಆದರೆ ಇಡೀ ಹೊತ್ತು ಮಲೀಕನ ಕಣ್ಣನ್ನೇ ನೋಡುತ್ತಿದ್ದೆ. ಇಷ್ಟು ಚೆಂದ ಹೂಡಿ, ತಾನೇ ಹೋಗಿ ಹೇಳಿ ಬರುತ್ತಾನೆಯೇ? ನಾಳೆ ಸಂತೆಯಲ್ಲಿ ಕಣ್ಣಿಟ್ಟಿರುತ್ತೇನೆ.

೧೫ ನವೆಂಬರ್

ಕಣ್ಣಿಟ್ಟಿದ್ದೆ. ಸಿಕ್ಕ. ಅದೇ ದವಾಖಾನೆಯ ಓಣಿ, ಅದೇ ಕರವಸ್ತ್ರ. ಈ ಸಲ ಅವನು ನನ್ನನ್ನು ನೋಡಲಿಲ್ಲ.

ಕರಿ ಟೋಪಿಯ ಹಿರಿಯರು ಬಂದಿದ್ದರು. ಮೊನ್ನೆ ಗೆದ್ದ ಸೊಕ್ಕು ಮುಖದಲ್ಲಿತ್ತು. “ಬ್ಯಾಸರ ಮಾಡ್ಕೋಬ್ಯಾಡ್ರಿ ಸಾವ್ಕಾರ್ರ. ನಿಮ್ಮ ಹುಡುಗರಿಗೆ ದಮ್ಮಿಲ್ಲ. ಅರ್ಧ ಆಟಕ್ಕ ಕುಸದು ಬೀಳ್ತಾರ” ಎಂದರು. ಸೋತ ನೋವು ಹಸಿಯಾಗಿತ್ತು, ಸುಮ್ಮನಿರಲು ಆದೀತೆ? “ದಮ್ಮು ಕಡಿಯೂದು ನಿಮ್ಮವ್ರದು. ಮೊದಲರ್ಧ ನಾವು ಮುಂದ ಬರೂದೇ ಇಲ್ಲ. ನೀವು ಗೋಡಿಗೆ ತಲಿ ಹೊಡಕೊಂಡು ಸುಸ್ತಾಗ್ರಿ. ಆಮ್ಯಾಲೆ ನೋಡ್ರಿ ಮಜಾ!” ಎಂದೆ. ಸುತ್ತ ನಿಂತ ಹಟ್ಟಿಯ ನಾಲ್ಕಾರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

ಮಲೀಕ ಸಂಜೆಯ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲೇ ಬಂದ. ನಾನು ತಿರುಗಿ ನೋಡಲಿಲ್ಲ.

೧೭ ನವೆಂಬರ್

ಸೋತೆವು. ಊರ ಮುಂದೆ, ಹೆಂಗಸರು ಮಕ್ಕಳು ಮಾಳಿಗೆ ಏರಿ ನೋಡುತ್ತಿರುವಾಗ ಸೋತೆವು.

ಮೊದಲರ್ಧ ಹಟ್ಟಿಯವರು ನುಗ್ಗಲೇ ಇಲ್ಲ. ಚೆಂಡನ್ನು ತಮ್ಮ ತಮ್ಮಲ್ಲೇ ಕೊಟ್ಟು ತೆಗೆದುಕೊಂಡು, ಅಂಗಳದಲ್ಲಿ ಸಂಜೆಯ ಗಾಳಿಗೆ ಬಂದವರ ಹಾಗೆ ಅಡ್ಡಾಡಿದರು. ಒಬ್ಬ ಕುಳಿತು ಬೂಟಿನ ಲಾಡಿ ಕಟ್ಟಿಕೊಂಡ. ನಮ್ಮವರು ಗೋಡೆ ಕಟ್ಟಿ ಯಾರಿಗೆ ಕಾಯಬೇಕು? ಎರಡನೆಯ ಅರ್ಧದಲ್ಲಿ ನಮ್ಮವರು ಎದ್ದು ಹೋದರೆ, ದಣಿಯದ ಹನ್ನೊಂದು ಕಾಲುಜೋಡಿ ಎದುರಿಗೆ.

ಇನ್ನು ಸಂಶಯವಿಲ್ಲ.

೧೮ ನವೆಂಬರ್

ಬಸವಣ್ಣೆಮ್ಮ ರೊಟ್ಟಿ ಬಡಿಯುತ್ತ ಕೇಳಿದಳು: “ಯಾಕ ಉಣವಲ್ರಿ?”

ಮನೆಯವಳ ಮುಂದೆ ಮುಚ್ಚಿಡುವುದೇನು, ಎಲ್ಲ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಿ, “ಮಲೀಕ್ಯಾ ಅಂಥಾವಲ್ಲ. ಸಂತ್ಯಾಗ ಯಾರು ಯಾರ ಜೋಡಿ ಏನೇನು ಮಾತಾಡ್ತಾರ, ಯಾರಿಗೆ ಗೊತ್ತು?” ಎಂದಳು. ಅದನ್ನೇ ನಾನೂ ಹೇಳುತ್ತಿರುವುದು! ಅವನು ಸಂತೆಯ ದಿನ ಯಾರೊಡನೆ ಏನು ಮಾತಾಡಿದನೋ ಯಾರಿಗೆ ಗೊತ್ತು?

೨೦ ನವೆಂಬರ್

ಇಂದು ಕಟ್ಟೆಯ ಮೇಲೆ ಎಲ್ಲರ ಮುಂದೆ ಕೇಳಿದೆ. ಯಾರಾದರೂ ಕೇಳಲೇಬೇಕಿತ್ತು.

“ಮಲೀಕಾ, ಸಂತೀ ದಿನ ಹಟ್ಟ್ಯಾಗ ಏನು ಕೆಲಸಪಾ ನಿಂದು?”

ಅವನು ಅಪ್ಪನ ಕಡೆ ನೋಡಿದ. ಇಸ್ಮಾಯಿಲ್‌ಸಾಬ ಸೂಜಿಯ ಕಡೆ ನೋಡುತ್ತಿದ್ದ. ಮಷಿನ್ನು ನಿಂತಿತ್ತು.

“ಅದು ನಮ್ಮ ಮನಿ ಕೆಲಸ ಕಾಕಾ.”

“ಮನಿ ಕೆಲಸ ಆಗಿದ್ರ ಹೇಳಾಕ ಏನಡ್ಡಿ?” ಎಂದರು ಗೌಡರು. “ಎರಡು ಸಲ ಹೂಡಿದ ಹೂಟ ಎರಡು ಸಲ ಹಟ್ಟಿಗೆ ಮುಟ್ಟೈತಿ. ಎರಡೂ ಸಲ ನೀ ಅಲ್ಲಿದ್ದಿ.”

ಮಲೀಕನ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಕಂಡಿತು ನನಗೆ. ಅವನು ನನ್ನನ್ನೇ ನೋಡುತ್ತ, “ಕಾಕಾ, ನೀವೂ ಹಂಗ ತಿಳದೀರೇನು?” ಎಂದ. ನಾನು ಬಿಚ್ಚಿದ ಥಾನು ಸುತ್ತತೊಡಗಿದೆ. ಜನರಲ್ಲಿ ಯಾರೋ, “ಇವ್ರನ್ನ ಎಷ್ಟು ನಂಬಿದ್ರೂ ಅಷ್ಟ” ಎಂದರು. ಯಾರೆಂದು ತಿರುಗಿ ನೋಡುವಷ್ಟರಲ್ಲಿ ಎಲ್ಲರೂ ಒಂದೇ ಮುಖ ಮಾಡಿಕೊಂಡಿದ್ದರು. ಆ ಮಾತಿಗೆ ನಾನು ಏನಾದರೂ ಅನ್ನಬೇಕಿತ್ತು. ಅನ್ನಲಿಲ್ಲ.

ಲಿಂಗಸುಗೂರಿನ ಆಟಗಳಿಗೆ ಜಂಬಣ್ಣ ಕ್ಯಾಪ್ಟನ್. ಮಲೀಕ ಇಲ್ಲ.

೨೧ ನವೆಂಬರ್

ಬೆಳಿಗ್ಗೆ ಅಂಗಡಿ ತೆರೆಯುವಾಗ ಇಸ್ಮಾಯಿಲ್‌ಸಾಬ ಮಷಿನ್ನನ್ನು ಕೈಗಾಡಿಯ ಮೇಲೆ ಏರಿಸುತ್ತಿದ್ದ. ಅರ್ಧ ಹೊಲಿದ ಅಂಗಿಗಳನ್ನು ಮಡಿಸಿ ನನ್ನ ಗದ್ದಿಗೆಯ ಮೇಲೆ ಇಟ್ಟಿದ್ದ.

“ಎಲ್ಲಿಗೆ ಇಸ್ಮಾಯಿಲಾ?” ಎಂದೆ.

“ಮಸೀದಿ ಬಾಜೂಕ ಜಾಗಾ ಕೊಟ್ಟಾರ” ಎಂದ. ಹಗ್ಗ ಬಿಗಿಯುವುದು ಮುಗಿದ ಮೇಲೆ, “ಸಾವ್ಕಾರ್ರ, ಇಷ್ಟು ವರ್ಷ ನಿಮ್ಮ ಕಟ್ಟಿ ಮ್ಯಾಲೆ ಕುಂತೀನಿ. ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಮನಿಗೆ ಹೋಗೀನಿ. ನನ್ನ ಮಗಾನೂ ಅದನ್ನ ಕಲ್ತಾನ” ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ.

ಸಂಜೆ ಜಂಬಣ್ಣ ಇದ್ದಿಲಿನ ತುಂಡಿನಿಂದ ಬಂಡೆಯ ಮೇಲೆ ಗೀಟು ಹಾಕಿದ. ಈ ಸಲ ತಾನು ಚೆಂಡಿಲ್ಲದೆ ಸುಮ್ಮನೆ ಓಡಿ ಎದುರಾಳಿಗಳನ್ನು ಸೆಳೆಯುವುದಂತೆ. ಗೋಲ್‌ಕೀಪರನ ಮುಂದೆ, ಹಿಂದಿನ ಸಾಲಿನಲ್ಲಿ ನಿಲ್ಲುವ ಖಾಜಾಸಾಬ ಚೆಂಡು ತೆಗೆದುಕೊಂಡು ನಡುವಿನಿಂದ ಮುಂದೆ ನಡೆಯುವುದಂತೆ. ಹಿಂದಿನವನು ಮುಂದೆ ಬರುತ್ತಾನೆಂದು ಯಾರು ಎಣಿಸುತ್ತಾರೆ? “ಹಂಗಾದ್ರ ಮನಿ ಕಾಯವ್ರು ಯಾರಲೇ?” ಎಂದು ಗೌಡರು ಕೂಗಿದರು. ಎಲ್ಲರೂ ನನ್ನ ಕಡೆ ನೋಡಿದರು, ನಾನು ಏನಾದರೂ ಅನ್ನುತ್ತೇನೆಂದು. ಮಷಿನ್ನಿನ ಕಾಲು ಊರಿದ್ದ ಜಾಗ ಬಂಡೆಯಲ್ಲಿ ಸವೆದು ಕಾಣುತ್ತಿತ್ತು. ನನಗೆ ವಾದ ಬೇಡವಾಗಿತ್ತು.

೨೨ ನವೆಂಬರ್

ಹಟ್ಟಿ ಸಂತೆ. ಕರಿ ಟೋಪಿಯ ಹಿರಿಯರು ಬಂದು ಕುಳಿತು, “ಏನ್ರೀ ಸಾವ್ಕಾರ್ರ, ಲಿಂಗಸುಗೂರಾಗ ಏನು ಹಿಕಮತ್ತು ನಡಸ್ತೀರಿ?” ಎಂದರು.

“ಯಾವ ಬಣ್ಣದ್ದು ಕೊಡ್ಲಿ?” ಎಂದೆ.

ಹತ್ತು ಸಲ ಕೆಣಕಿದರು. ಮಾತು ಬರಲಿಲ್ಲ. ಸಂಜೆವರೆಗೆ ಗಂಟು ಅರ್ಧವೂ ಕರಗಲಿಲ್ಲ. ಹಿರಿಯರು ಬರಿಗೈಯಲ್ಲಿ ಎದ್ದು, “ಮೈಯಾಗ ಆರಾಮಿಲ್ಲೇನ್ರಿ?” ಎಂದು ಹೋದರು.

೨೭ ನವೆಂಬರ್

ಗೆದ್ದೆವು! ಲಿಂಗಸುಗೂರಿನಲ್ಲಿ ನಿನ್ನೆ ಸಿಂಧನೂರು, ಇಂದು ಹಟ್ಟಿ. ಶೀಲ್ಡು ನಮ್ಮದು.

ಖಾಜಾಸಾಬ ಹಿಂದಿನಿಂದ ಚೆಂಡು ತೆಗೆದುಕೊಂಡು ಹೊರಟಾಗ ಹಟ್ಟಿಯವರು ಬಾಯಿ ತೆರೆದು ನೋಡಿದರು. ಎಲ್ಲ ಜಂಬಣ್ಣನ ಸುತ್ತ ಇದ್ದರು. ಎರಡು ಗೋಲು, ಎರಡೂ ಹಾಗೇ. ಗೌಡರು ನನ್ನನ್ನು ಎತ್ತಿಯೇಬಿಟ್ಟರು. “ನೋಡಿದ್ಯಾ ಹಂಪಣ್ಣ! ಮುಳ್ಳು ಕಿತ್ತು ಒಗದ್ವಿ, ಕಾಲು ನೆಟ್ಟಗಾತು. ಇನ್ನ ಏನು ಸಾಕ್ಷಿ ಬೇಕು?” ಎಂದರು. ನಿಜ. ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮಲೀಕನಿದ್ದಾಗ ಮಾತು ಹಟ್ಟಿಗೆ ಹೋಯಿತು, ಮಲೀಕನಿಲ್ಲದಾಗ ಹೋಗಲಿಲ್ಲ.

ಊರಿಗೆ ಬರುವಾಗ ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರು. ನನಗೆ ತಲೆನೋವು.

೨೮ ನವೆಂಬರ್

ಎರಡು ಸಂಗತಿ.

ಮೊದಲನೆಯದು: ಜಂಬಣ್ಣ ಒಬ್ಬನೇ ಅಂಗಡಿಗೆ ಬಂದಿದ್ದ. “ಸಾವ್ಕಾರ್ರ, ಸುಳ್ಳು ಹೇಳಾಕ ಮನಸ್ಸು ಒಪ್ಪವಲ್ದು. ಖಾಜಾನ್ನ ಮುಂದ ಕಳಸೋ ವಿಚಾರ ನನ್ನದಲ್ಲ. ಟೀಮಿನಿಂದ ತೆಗದ ದಿನಾನ ಮಲೀಕ ಬಾವಿ ಕಡೆ ಕರದು ಹೇಳಿಕೊಟ್ಟ. ನನ್ನ ಹೆಸರು ಎತ್ತಬ್ಯಾಡ, ಗೆದ್ದು ಬಾ ಅಂದ” ಎಂದ.

ಎರಡನೆಯದು: ಇಸ್ಮಾಯಿಲ್‌ಸಾಬನ ಹೆಂಡತಿ ಮೀರಾಬಿ ನಮ್ಮ ಹಿತ್ತಲಿಗೆ ಬಂದು ಬಸವಣ್ಣೆಮ್ಮನ ಮುಂದೆ ಅತ್ತು ಹೋಗಿದ್ದಾಳೆ. ಇಸ್ಮಾಯಿಲ್‌ಸಾಬನ ಕಣ್ಣಿಗೆ ಪೊರೆ ಬಂದು ವರ್ಷವಾಗುತ್ತ ಬಂತಂತೆ. ಹಟ್ಟಿಯ ದವಾಖಾನೆಯಿಂದ ಮಲೀಕ ವಾರವಾರ ಕಣ್ಣಿನ ಔಷಧ ತರುತ್ತಿದ್ದನಂತೆ. ಕರವಸ್ತ್ರದಲ್ಲಿ ಇದ್ದದ್ದು ಆ ಸೀಸೆ. ಕಣ್ಣು ಮಂಜಾದ ದರ್ಜಿಗೆ ಯಾರು ಅರಿವೆ ಕೊಡುತ್ತಾರೆ ಎಂದು ಯಾರ ಮುಂದೂ, ನನ್ನ ಮುಂದೂ ಹೇಳದಂತೆ ಮಗನಿಂದ ಆಣೆ ಮಾಡಿಸಿಕೊಂಡಿದ್ದನಂತೆ.

ಹಾಗಾದರೆ ಹಟ್ಟಿಗೆ ಹೇಳಿದವರು ಯಾರು? ಬಸವಣ್ಣೆಮ್ಮನನ್ನೇ ಕೇಳಿದೆ. “ಈ ಸಲ ಹಟ್ಟಿ ಸಂತ್ಯಾಗ ನೀವು ಆಟದ ಮಾತು ಆಡಿದ್ರೇನು?” ಎಂದಳು.

“ಇಲ್ಲ” ಎಂದೆ.

“ಅದಕ್ಕ ಮತ್ತ” ಎಂದು ಕೊಡ ಎತ್ತಿಕೊಂಡು ಹೊರಗೆ ಹೋದಳು.

ಹೆಂಗಸರಿಗೆ ಚೆಂಡಿನಾಟದ ವಿಷಯ ಏನು ತಿಳಿದೀತು ಎಂದು ಬರೆಯಲು ಹೊರಟೆ. ಬರೆಯಲಾಗಲಿಲ್ಲ.

೨೯ ನವೆಂಬರ್

ಇಂದು ಹಟ್ಟಿ ಸಂತೆ. ಹೋಗಲಿಲ್ಲ.

ಬೆಳಿಗ್ಗೆ ಅಂಗಡಿಯಲ್ಲಿ ಕುಳಿತು ಸೂಜಿಗಳಿಗೆ ದಾರ ಪೋಣಿಸಿದೆ. ಬಿಳಿ, ಕರಿ, ಕಂದು, ನೀಲಿ. ಮಾದರಪಾಟಿನ ಒಂದು ಚೂರಿಗೆ ಸಾಲಾಗಿ ಚುಚ್ಚಿ ಮಡಿಸಿಕೊಂಡು ಮಸೀದಿಯ ಕಡೆ ಹೋದೆ. ಇಸ್ಮಾಯಿಲ್‌ಸಾಬ ಗೋಡೆಯ ನೆರಳಿನಲ್ಲಿ ಮಷಿನ್ನಿನ ಮುಂದೆ ಸುಮ್ಮನೆ ಕುಳಿತಿದ್ದ. ಹೊಲಿಯಲು ಅರಿವೆ ಇರಲಿಲ್ಲ. ಮಲೀಕ ಒಳಗಿದ್ದನಂತೆ, ಹೊರಗೆ ಬರಲಿಲ್ಲ. ದಾರಿಯುದ್ದಕ್ಕೂ ಕೂಡಿಸಿಕೊಂಡು ಹೋದ ಮಾತುಗಳನ್ನೆಲ್ಲ ಬಿಟ್ಟು ಬಟ್ಟೆಯ ಚೂರನ್ನು ಅವನ ಕೈಯಲ್ಲಿಟ್ಟೆ.

ಅವನು ಬೆರಳಿಂದ ಒಂದೊಂದೇ ಸೂಜಿ ಮುಟ್ಟಿ ನೋಡಿದ.

“ದಾರ ಪೋಣಿಸೀರಿ” ಎಂದ.

“ಹ್ಞೂಂ.”

ಚೂರನ್ನು ಮತ್ತೆ ಮಡಿಸುತ್ತ, “ಯಾರ ಮುಂದೂ ಹೇಳಬ್ಯಾಡ್ರಿ ಸಾವ್ಕಾರ್ರ” ಎಂದ. ನನಗೆ, ಈ ಬಾಯಿಗೆ ಹಾಗೆ ಹೇಳಿದ. ಆಗ ಅಳು ಬಂತು. ಅವನಿಗೆ ಕಾಣಿಸಲಿಲ್ಲವೆಂದುಕೊಂಡಿದ್ದೇನೆ.

ಸಂಜೆ ಕಟ್ಟೆಯ ಮೇಲೆ ಶೀಲ್ಡು ಇಟ್ಟು ಗೌಡರು ಪೇಢೆ ಹಂಚುತ್ತಿದ್ದರು. ಮಲೀಕನ ಮಾತು ಬಂತು. “ಅವನು ಅಂಥಾವಲ್ಲ” ಎಂದೆ.

“ಮತ್ತ ಹಟ್ಟಿಗೆ ಯಾಕ ಹೋಗ್ತಿದ್ದ, ಹೇಳು!”

ನನಗೆ ಗೊತ್ತಿತ್ತು. ಹೇಳಲು ಬರುವಂತಿರಲಿಲ್ಲ. ಉಳಿದದ್ದು ಒಂದೇ ಮಾತು. ಅದನ್ನು ಹೇಳಿದೆ. “ಹಟ್ಟಿಗೆ ಹೇಳಿದಾವ ನಾನು. ಸಂತ್ಯಾಗ ಕುಂತು, ಅರಿವಿ ಮಾರ್ತಾ, ಎರಡೂ ಸಲ ನಾನ ಹೇಳೀನಿ.”

ಎಲ್ಲರೂ ಹೋ ಎಂದು ನಕ್ಕರು. ಗೌಡರು ಬೆನ್ನು ತಟ್ಟಿ, “ಗೆಳೆಯನ ಮಗನ್ನ ಉಳಸಾಕ ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ಯಾನ ನೋಡ್ರಿ! ಎಂಥಾ ದೊಡ್ಡ ಮನಸ್ಸು ನಮ್ಮ ಹಂಪಣ್ಣಂದು!” ಎಂದು ನನ್ನ ಬಾಯಿಗೆ ಪೇಢೆ ಇಟ್ಟರು. ಜಂಬಣ್ಣನೊಬ್ಬ ನಗಲಿಲ್ಲ.

ಉಗುಳಿ ಮತ್ತೆ ಹೇಳಿದೆ. ಮತ್ತೆ ನಕ್ಕರು.

ನಾಳೆ ಮತ್ತೆ ಹೇಳುತ್ತೇನೆ. ನಾಡಿದ್ದೂ ಹೇಳುತ್ತೇನೆ. ಬರುವ ವಾರ ಹಟ್ಟಿಗೆ ಹೋಗಿ, ಆ ಕರಿ ಟೋಪಿಯ ಹಿರಿಯರನ್ನೇ ಕರೆತಂದು ಈ ಕಟ್ಟೆಯ ಮೇಲೆ ಕೂಡಿಸಿ ಹೇಳಿಸುತ್ತೇನೆ. ಮಾತಾಡುವುದು ನನಗೇನು ಹೊಸದೇ?